ನನಗೆ ಮಾತ್ರ ಹೇಳಿದ್ದು

ತಾಯಿಗೆ ಹೇಳದ ಮಾತನ್ನು ಮಗುವೊಂದು ನನ್ನ ಹತ್ತಿರ ಹೇಳಿದಾಗ ನನಗೆ ಸುಖವಾಗುತ್ತದೆ. ಮುಖದಲ್ಲಿ ಅದು ಕಾಣದ ಹಾಗೆ ನೋಡಿಕೊಳ್ಳುತ್ತೇನೆ, ವೃತ್ತಿಯ ಗಾಂಭೀರ್ಯ ಅಂತ ಒಂದಿದೆಯಲ್ಲ. ಆದರೆ ಒಳಗೆ ಏನೋ ಉಬ್ಬುತ್ತದೆ. ಬಾಗಿಲಾಚೆ ಬೆಂಚಿನ ಮೇಲೆ ಆ ತಾಯಿ ಹ್ಯಾಂಡ್‌ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ಹೊತ್ತು ಹೆತ್ತವಳು, ಜ್ವರ ಬಂದ ರಾತ್ರಿಗಳಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕಿದವಳು. ಅವಳಿಗೆ ಸಿಗದ್ದು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂರುವ ನನಗೆ ಸಿಕ್ಕಿತು. ಈ ಲೆಕ್ಕ ಮನಸ್ಸಿನಲ್ಲಿ ತಾನಾಗಿಯೇ ನಡೆದುಬಿಡುತ್ತದೆ. ಮೈಸೂರಿನಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾಗಿ ತಲೆಗೂದಲು ನರೆಯುವಷ್ಟು ಕಾಲ ಕೆಲಸ ಮಾಡಿದ ಮೇಲೂ ಅದು ನಿಂತಿಲ್ಲ.

ನಾನು ಹಿಡಿದ ಪದ್ಧತಿ ಬೇರೆಯದಾಗಿದ್ದರೆ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಮಂಚದ ತಲೆದೆಸೆಯಲ್ಲಿ, ರೋಗಿಗೆ ಕಾಣದ ಹಾಗೆ ಕೂರುವ ಸೌಲಭ್ಯ ಫ್ರಾಯ್ಡನ ಶಿಷ್ಯರಿಗಿತ್ತು. ಗೆಸ್ಟಾಲ್ಟ್ ಚಿಕಿತ್ಸೆಯಲ್ಲಿ ಹಾಗೆ ಅಡಗಿಕೊಳ್ಳುವಂತಿಲ್ಲ. ಬರ್ಲಿನ್ನಿನಲ್ಲಿ ಹುಟ್ಟಿದ ಫ್ರಿಟ್ಸ್ ಪರ್ಲ್ಸ್ ಮತ್ತು ಅವರ ಹೆಂಡತಿ ಲಾರಾ ನಾಜಿಗಳಿಂದ ತಪ್ಪಿಸಿಕೊಂಡು ದಕ್ಷಿಣ ಆಫ್ರಿಕಾಕ್ಕೆ, ಅಲ್ಲಿಂದ ನ್ಯೂಯಾರ್ಕಿಗೆ ಹೋಗಿ ಕಟ್ಟಿದ ಪದ್ಧತಿ ಇದು. 1951ರಲ್ಲಿ ಪಾಲ್ ಗುಡ್‌ಮನ್ ಮತ್ತು ರಾಲ್ಫ್ ಹೆಫರ್ಲೈನ್ ಜೊತೆ ಪರ್ಲ್ಸ್ ಬರೆದ ಪುಸ್ತಕದಿಂದ ಅದಕ್ಕೊಂದು ಹೆಸರು, ರೂಪ ಬಂತು. ಲಾರಾ ಫ್ರಾಂಕ್‌ಫರ್ಟಿನಲ್ಲಿ ತತ್ವಜ್ಞಾನಿ ಮಾರ್ಟಿನ್ ಬೂಬರ್ ಅವರ ಪಾಠ ಕೇಳಿದ್ದವರು. ಇಬ್ಬರು ಮನುಷ್ಯರು ನಿಜವಾಗಿ ಎದುರಾದಾಗ ನಡುವೆ ಹುಟ್ಟುವುದೇ ಗುಣ ಮಾಡುತ್ತದೆ ಎಂಬ ಬೂಬರರ ನಂಬಿಕೆ ಈ ಪದ್ಧತಿಯ ತಳದಲ್ಲಿದೆ. ಅಂದಮೇಲೆ ಎದುರಿಗೆ ಕೂತ ನಾನು ಯಾರು, ನನಗೇನು ಬೇಕಾಗಿದೆ ಅನ್ನುವುದೂ ಚಿಕಿತ್ಸೆಯ ಭಾಗವೇ ಆಯಿತು.

ಪರ್ಲ್ಸ್ ಅಂದರೆ ನನಗೆ ಮೊದಲಿನಿಂದಲೂ ಅರ್ಧ ಮೋಹ, ಅರ್ಧ ಭಯ. 1965ರ ಒಂದು ಶಿಕ್ಷಣಚಿತ್ರದಲ್ಲಿ ಗ್ಲೋರಿಯಾ ಎಂಬಾಕೆಯ ಜೊತೆ ಕಾರ್ಲ್ ರೋಜರ್ಸ್, ಪರ್ಲ್ಸ್, ಆಲ್ಬರ್ಟ್ ಎಲ್ಲಿಸ್ ಮೂವರೂ ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ. ಮನಶ್ಶಾಸ್ತ್ರ ಓದಿದ ಹೆಚ್ಚಿನವರು ಅದನ್ನು ನೋಡಿರುತ್ತಾರೆ. ಪರ್ಲ್ಸ್ ಆಕೆಯನ್ನು ಕೆಣಕುತ್ತಾರೆ, ನಟನೆ ಮಾಡುತ್ತಿದ್ದೀಯ ಅನ್ನುತ್ತಾರೆ, ಸಿಗರೇಟಿನ ಹೊಗೆಯ ನಡುವಿನಿಂದ ಅವಳ ಕೈ, ಕಾಲು, ನಗು ಎಲ್ಲವನ್ನೂ ಬೊಟ್ಟು ಮಾಡಿ ತೋರಿಸುತ್ತಾರೆ. ಅವಳಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಅವರಿಗೆ ಬೇಕಾದದ್ದೇ. ಮಕ್ಕಳ ಜೊತೆ ಹೀಗೆ ಮಾಡಿದರೆ ಅದು ಚಿಕಿತ್ಸೆಯಾಗುವುದಿಲ್ಲ, ದೊಡ್ಡವರು ಮನೆಯಲ್ಲಿ ದಿನವೂ ಮಾಡುವ ದಬ್ಬಾಳಿಕೆಯೇ ಆಗುತ್ತದೆ.

ಮಕ್ಕಳಿಗೆ ತಕ್ಕ ಹಾಗೆ ಇದನ್ನು ಹದಗೊಳಿಸಿದವರು ಕ್ಯಾಲಿಫೋರ್ನಿಯಾದ ವಯೊಲೆಟ್ ಓಕ್‌ಲ್ಯಾಂಡರ್. ಮೊದಲು ಶಾಲೆಯಲ್ಲಿ ಭಾವನಾತ್ಮಕ ತೊಂದರೆಯಿರುವ ಮಕ್ಕಳಿಗೆ ಟೀಚರ್ ಆಗಿದ್ದವರು. ಹದಿಹರೆಯದ ಮಗನೊಬ್ಬನನ್ನು ಕಾಯಿಲೆಯಿಂದ ಕಳೆದುಕೊಂಡರು. ಲಾಸ್ ಏಂಜಲೀಸಿನ ಗೆಸ್ಟಾಲ್ಟ್ ಸಂಸ್ಥೆಯಲ್ಲಿ ತರಬೇತಿ ಪಡೆದರು. 1978ರಲ್ಲಿ ಅವರು ಬರೆದ ‘ವಿಂಡೋಸ್ ಟು ಅವರ್ ಚಿಲ್ಡ್ರನ್’ ಈಗಲೂ ನಮ್ಮಂಥವರ ಕೈಪಿಡಿ. 2021ರಲ್ಲಿ ತೀರಿಕೊಂಡರು. ಅವರಿಗಿಂತ ಮೊದಲು, 1947ರಲ್ಲೇ ಆಟದ ಚಿಕಿತ್ಸೆಯ ಮೇಲೆ ಪುಸ್ತಕ ಬರೆದಿದ್ದ ವರ್ಜೀನಿಯಾ ಆಕ್ಸ್‌ಲೈನ್ ಮಗುವನ್ನು ಅದರ ದಾರಿಗೇ ಬಿಟ್ಟು ಹಿಂದೆ ಹಿಂದೆ ನಡೆಯುತ್ತಿದ್ದರು. ಓಕ್‌ಲ್ಯಾಂಡರ್ ಹಾಗಲ್ಲ, “ಬಾ, ಇದನ್ನು ಮಾಡಿ ನೋಡೋಣ” ಅನ್ನುತ್ತಾರೆ. ಮಗು ಬೇಡ ಅಂದರೆ ಆ ಬೇಡವನ್ನೂ ಗೌರವಿಸುತ್ತಾರೆ. ಎಷ್ಟು ದೂರ ಹೋಗಲು ತನ್ನಲ್ಲಿ ಶಕ್ತಿಯಿದೆ ಅನ್ನುವುದು ಮಗುವಿಗೇ ಗೊತ್ತಿರುತ್ತದೆ, ಅದು ಹಾಕಿದ ಬಾಗಿಲನ್ನು ನಾವು ಒದೆಯಬಾರದು ಎಂಬುದು ಅವರ ಪಾಠ.

ಕೆಲಸದ ಕ್ರಮ ಹೇಳಲು ಸುಲಭ. ಮಗು ಒಂದು ಚಿತ್ರ ಬರೆಯುತ್ತದೆ, ಇಲ್ಲವೇ ಮಣ್ಣಿನಲ್ಲಿ ಏನೋ ಮಾಡುತ್ತದೆ, ಮರಳಿನ ತಟ್ಟೆಯಲ್ಲಿ ಗೊಂಬೆಗಳನ್ನು ಜೋಡಿಸುತ್ತದೆ. ಅದೇನೆಂದು ವಿವರಿಸಲು ಹೇಳುತ್ತೇವೆ. ಆಮೇಲೆ, “ಈಗ ನೀನೇ ಅದು. ‘ನಾನು’ ಅಂತ ಶುರುಮಾಡಿ ಮಾತಾಡು.” ಕೊನೆಗೆ ತುಂಬ ಮೆಲ್ಲಗೆ, “ಇದರಲ್ಲಿ ನಿನ್ನದು ಏನಾದರೂ ಇದೆಯಾ?” ನನ್ನ ಕಪಾಟಿನ ತುಂಬ ಸಾಮಾನು. ಕುಂಬಾರರಿಂದ ತಂದ ಜೇಡಿಮಣ್ಣು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದೆ. ದಸರಾ ಗೊಂಬೆಹಬ್ಬದಲ್ಲಿ ಕೈಕಾಲು ಮುರಿದುಕೊಂಡು ಪೆಟ್ಟಿಗೆ ಸೇರಬೇಕಿದ್ದ ಶೆಟ್ಟಿ, ಶೆಟ್ಟಿತಿ, ಪೊಲೀಸು, ಹುಲಿ ಎಲ್ಲ ನನ್ನಲ್ಲಿ ನಿವೃತ್ತಿಜೀವನ ನಡೆಸುತ್ತಿವೆ. ಮರಳಿನ ತಟ್ಟೆಯ ಒಳಮೈಗೆ ನೀಲಿ ಬಣ್ಣ, ಮರಳು ಸರಿಸಿದರೆ ನೀರು. ಇದರ ಮೂಲಪುರುಷ, ಅಲ್ಲ ಮೂಲಸ್ತ್ರೀ, ಲಂಡನ್ನಿನ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್. ಎಚ್.ಜಿ. ವೆಲ್ಸ್ ತನ್ನ ಮಕ್ಕಳ ಜೊತೆ ನೆಲದ ಮೇಲೆ ಆಡುತ್ತಿದ್ದ ಆಟಗಳ ಬಗ್ಗೆ 1911ರಲ್ಲಿ ಬರೆದ ಪುಸ್ತಕ ಆಕೆಗೆ ನೆನಪಿತ್ತಂತೆ.

ಒಂದು ಗುಲಾಬಿ ಗಿಡದ ಅಭ್ಯಾಸವಿದೆ. ಜಾನ್ ಸ್ಟೀವನ್ಸ್ ಎಂಬವರ ಪುಸ್ತಕದಿಂದ ಓಕ್‌ಲ್ಯಾಂಡರ್ ಎತ್ತಿಕೊಂಡದ್ದು. ಕಣ್ಣು ಮುಚ್ಚಿ ನೀನೊಂದು ಗುಲಾಬಿ ಗಿಡ ಅಂದುಕೋ, ನಿನ್ನ ಬೇರು ಹೇಗಿದೆ, ಮುಳ್ಳಿದೆಯಾ, ಎಲ್ಲಿ ಬೆಳೆದಿದ್ದೀಯ, ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ ಚಿತ್ರ ಬರೆಸುವುದು. ಒಂಬತ್ತು ವರ್ಷದ ಒಬ್ಬಳಿಗೆ ಹೀಗೆ ಹೇಳಿದೆ. (ಇಲ್ಲಿ ಬರುವ ಮಕ್ಕಳ ಗುರುತುಗಳನ್ನೆಲ್ಲ ಅದಲುಬದಲು ಮಾಡಿದ್ದೇನೆ.) ಅವಳು ಕಣ್ಣು ಬಿಟ್ಟು, “ನಮ್ಮನೇಲಿ ರೋಜಾ ಇಲ್ಲ ಮೇಡಂ, ದಾಸವಾಳ ಇದೆ” ಅಂದಳು. ಸರಿ, ದಾಸವಾಳವೇ ಆಗಲಿ. ಪೇಂಟ್ ಡಬ್ಬದಲ್ಲಿ ನೆಟ್ಟ ಗಿಡ ಬರೆದಳು. ಡಬ್ಬದ ಮೇಲಿನ ಕಂಪನಿಯ ಹೆಸರನ್ನೂ ಬಿಡದೆ ಅರ್ಧ ಹರಿದ ಹಾಗೆ ಬರೆದಳು. ಎಲೆ ಬೇಕಾದಷ್ಟು. ಹೂವು ಒಂದೂ ಇಲ್ಲ.

“ಮುಳ್ಳು?”

“ದಾಸವಾಳಕ್ಕೆ ಮುಳ್ಳಿರುತ್ತಾ ಮೇಡಂ?” ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ ನೋಡಿದಳು.

“ಗಿಡ ಮಾತಾಡಲಿ. ನಾನು ದಾಸವಾಳ...”

“ನಾನು ದಾಸವಾಳ. ಮೇಲ್ಗಡೆ ಟ್ಯಾಂಕ್ ಪಕ್ಕ ಇದೀನಿ. ಅಜ್ಜಿ ಬೆಳಿಗ್ಗೆ ಬಂದು ದೇವ್ರಿಗೆ ಹೂವು ಕಿತ್ಕೋತಾರೆ. ಮೊಗ್ಗೂ ಬಿಡಲ್ಲ, ನೀರಲ್ಲಿ ಹಾಕಿದ್ರೆ ಅರಳತ್ತೆ ಅಂತ.” ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಂಗೆ ನನ್ನ ಹೂವು ನೋಡೋಕೇ ಸಿಗಲ್ಲ.”

ನನ್ನ ಕಿವಿ ನೆಟ್ಟಗಾಯಿತು. ನಿನಗೂ ಹೀಗೆ ಆಗುತ್ತಾ ಅಂತ ಕೇಳಿದೆ. “ಇಲ್ಲ” ಅಂದಳು, ಕಡ್ಡಿ ಮುರಿದ ಹಾಗೆ. ಇಲ್ಲ ಅಂದರೆ ಇಲ್ಲ, ಅಲ್ಲಿಗೆ ನಿಲ್ಲಿಸಬೇಕು, ನಿಲ್ಲಿಸಿದೆ. ಕಡತಕ್ಕೆ ಇರಲಿ ಎಂದು ಚಿತ್ರದ ಫೋಟೋ ತೆಗೆಯಲೇ ಅಂತ ಕೇಳುತ್ತಾ ಮೊಬೈಲ್ ಎತ್ತಿಕೊಂಡೆ. ಅವಳು ಹಾಳೆಯ ಮೇಲೆ ಅಂಗೈ ಊರಿದಳು.

“ನೀವೂ ಸ್ಟೇಟಸ್‌ಗೆ ಹಾಕ್ತೀರಾ?”

ಆಮೇಲೆ ಎಲ್ಲ ಬಂತು. ಅವಳು ಬರೆದದ್ದು, ಕುಣಿದದ್ದು, ಮಗ್ಗಿ ಹೇಳಿದ್ದು, ಹಲ್ಲು ಬಿದ್ದದ್ದು ಎಲ್ಲ ಅಮ್ಮನ ವಾಟ್ಸಾಪ್ ಸ್ಟೇಟಸ್‌ಗೆ ಹೋಗುತ್ತದೆ. “ನಾನು ಇನ್ನೂ ಬಣ್ಣ ಹಚ್ಚಿರಲ್ಲ, ಆಗ್ಲೇ.” ಹೋಗುವಾಗ ಬಾಗಿಲ ಹತ್ತಿರ ನಿಂತು, “ಅಮ್ಮಂಗೆ ಹೇಳ್ಬೇಡಿ” ಅಂದಳು. ಆ ಕ್ಷಣದಲ್ಲೇ ನಾನು ಹೇಳಿದ ಸುಖ ಬಂದದ್ದು. ಬಾಗಿಲು ತೆರೆದಾಗ ತಾಯಿ ಎದ್ದು ನಿಂತು ನನ್ನ ಮುಖ ನೋಡಿದಳು, ಏನಾದರೂ ಸಿಗುತ್ತದೇನೋ ಅಂತ. ನಾನು ಮುಗುಳ್ನಕ್ಕೆ. ಏನೋ ಗೊತ್ತಿರುವವರ ನಗು ಅದು, ನನಗೇ ಗೊತ್ತಾಗುವಷ್ಟು.

ಆ ಮಗು ಮೊಬೈಲ್ ನೋಡಿ ಕೇಳಿದ ಪ್ರಶ್ನೆ ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತ್ತು. ಮೊಗ್ಗು ಕೀಳುವವರ ಸಾಲಿನಲ್ಲಿ ಅಜ್ಜಿಯ ಹಿಂದೆ ಅಮ್ಮ, ಅಮ್ಮನ ಹಿಂದೆ ನಾನು. ಕಡತಕ್ಕೆ, ವಿಚಾರಸಂಕಿರಣಕ್ಕೆ, ಈಗ ನೋಡಿ, ಈ ಪ್ರಬಂಧಕ್ಕೆ.

ಈ ಸುಖ ಎಲ್ಲಿಂದ ಬಂತು ಅಂತ ಹುಡುಕಿದರೆ ಬಹಳ ದೂರ ಹೋಗಬೇಕಿಲ್ಲ. ನಮ್ಮ ಅಡುಗೆಮನೆಯಲ್ಲಿ ನಾನು ಎಲ್ಲರ ಮಾತು ಕೇಳುವ ಹುಡುಗಿಯಾಗಿದ್ದೆ. ಅಮ್ಮ ಅವರೆಕಾಳು ಹಿಸುಕುತ್ತಾ ಅಪ್ಪನ ವಿಷಯ ಹೇಳುತ್ತಿದ್ದಳು, ಅತ್ತೆ ಬಂದರೆ ಅಮ್ಮನ ವಿಷಯ. ಯಾರಿಗೂ ಹೇಳಬೇಡ ಅನ್ನುವ ಮಾತು ನನಗೆ ಬಹುಮಾನದ ಹಾಗೆ ಕೇಳಿಸುತ್ತಿತ್ತು. ಅಣ್ಣ ತಮ್ಮಂದಿರಿಗೆ ಹೊರಗೆ ಆಟ, ನನಗೆ ಒಳಗೆ ಗುಟ್ಟು. ‘ಎಷ್ಟು ತಿಳಿವಳಿಕೆ ಈ ಮಗುವಿಗೆ’ ಅಂತ ಹೆಸರು ಬಂತು. ಎಲ್ಲರ ಕತೆಯೂ ನನಗೆ ಗೊತ್ತು, ನನ್ನದನ್ನು ಯಾರೂ ಕೇಳಿದ ನೆನಪಿಲ್ಲ. ಹಳೆಯ ಬಾಕಿ ವಸೂಲಾಗದೆ ಇದ್ದರೆ ಮನುಷ್ಯ ಅದನ್ನು ಸಿಕ್ಕಸಿಕ್ಕವರ ಹತ್ತಿರ ವಸೂಲು ಮಾಡಲು ನೋಡುತ್ತಾನೆ ಎಂದು ಗೆಸ್ಟಾಲ್ಟಿನವರು ಹೇಳುತ್ತಾರೆ. ನಾನು ಒಂಬತ್ತು ವರ್ಷದವರ ಹತ್ತಿರ ಮಾಡುತ್ತಿದ್ದೇನೆ.

ನನಗೂ ಒಬ್ಬ ಹಿರಿಯರಿದ್ದಾರೆ, ಬೆಂಗಳೂರಿನಲ್ಲಿ. ನಮ್ಮ ಕೆಲಸವನ್ನು ಅವರ ಮುಂದೆ ಇಟ್ಟು ಚರ್ಚಿಸುವ ರೂಢಿ. ದಾಸವಾಳದ ಕತೆ ಹೇಳಿದೆ. ಅವರು ಹೆಚ್ಚು ಮಾತಾಡದೆ ಎದುರಿಗೊಂದು ಖಾಲಿ ಕುರ್ಚಿ ಎಳೆದರು. ಬೆಂಚಿನ ಮೇಲಿನ ಆ ತಾಯಿಯನ್ನು ಅಲ್ಲಿ ಕೂರಿಸಿ ಮಾತಾಡು, ಆಮೇಲೆ ಆ ಕುರ್ಚಿಗೆ ಹೋಗಿ ಅವಳಾಗಿ ಉತ್ತರ ಕೊಡು ಅಂದರು. ನಾನು ಬೇರೆಯವರ ಕೈಲಿ ಎಷ್ಟೋ ಸಲ ಮಾಡಿಸಿದ ಕೆಲಸ. ನನ್ನ ಕುರ್ಚಿಯಿಂದ ಸೊಗಸಾಗಿ ಮಾತಾಡಿದೆ: ಮಗುವಿಗೆ ತನ್ನದೇ ಜಾಗ ಬೇಕು, ಗಡಿ ಬೇಕು, ಇತ್ಯಾದಿ. ಎದ್ದು ಆ ಕಡೆ ಕೂತೆ. ಹ್ಯಾಂಡ್‌ಬ್ಯಾಗ್ ಇಲ್ಲದಿದ್ದರೂ ಕೈ ತಾನಾಗಿ ತೊಡೆಯ ಮೇಲೆ ಏನನ್ನೋ ಹಿಡಿದುಕೊಂಡಿತು. ಬಾಯಿಂದ ಬಂದದ್ದು ನಾನು ಯೋಚಿಸಿಕೊಂಡು ಹೋದ ಮಾತಲ್ಲ: “ನೀವು ಅವಳ ಟಿಫಿನ್ ಡಬ್ಬಿ ತೊಳೆಯಲ್ಲ. ಹಲ್ಲುಜ್ಜು, ಹೋಂವರ್ಕ್ ಮಾಡು ಅನ್ನಲ್ಲ. ಅದಕ್ಕೇ ನಿಮಗೆ ಹೇಳ್ತಾಳೆ.” ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಸ್ಟೇಟಸ್ ಹಾಕಿದ್ರೆ ನಾಲ್ಕು ಜನ ನೋಡ್ತಾರೆ. ಇಡೀ ದಿನ ಮನೇಲಿ ನನ್ನನ್ನ ಯಾರು ನೋಡ್ತಾರೆ?” ಈ ಕೊನೆಯ ಮಾತು ಆ ತಾಯಿಯದೋ, ಅವರೆಕಾಳಿನ ಮುಂದೆ ಕೂತಿದ್ದ ನನ್ನ ಅಮ್ಮನದೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಹಿರಿಯರು ಟೀ ತರಿಸಿದರು.

ಗುಟ್ಟಿನ ವಿಷಯದಲ್ಲಿ ಒಂದು ಕಡೆ ಮಾತ್ರ ಕಾನೂನೇ ನನ್ನನ್ನು ಕಾಪಾಡಿದೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ವರದಿ ಮಾಡಲೇಬೇಕು. ಮಾಡದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆ. ಆದ್ದರಿಂದ ಯಾರಿಗೂ ಹೇಳುವುದಿಲ್ಲ ಎಂಬ ಭಾಷೆಯನ್ನು ನಾನು ಕೊಡುವಂತಿಲ್ಲ. ಮೊದಲ ದಿನವೇ ಮಗುವಿಗೆ ಹೇಳುತ್ತೇನೆ: ನಿನಗೆ ಯಾರಾದರೂ ನೋವು ಮಾಡುತ್ತಿದ್ದರೆ ನಾನೊಬ್ಬಳೇ ಅದನ್ನು ಇಟ್ಟುಕೊಳ್ಳುವುದಿಲ್ಲ, ಸಹಾಯ ಮಾಡುವವರಿಗೆ ಹೇಳುತ್ತೇನೆ. ಕೆಲವು ಮಕ್ಕಳು ಇದನ್ನು ಕೇಳಿ ಹಿಂದೆ ಸರಿಯುತ್ತಾರೆ, ಇನ್ನು ಕೆಲವರು ಅದಕ್ಕೇ ಕಾಯುತ್ತಿದ್ದವರ ಹಾಗೆ ಬಾಯಿ ಬಿಡುತ್ತಾರೆ. ಅಂಥ ಹೊತ್ತಿನಲ್ಲಿ ಮಾತ್ರ ಆ ಸುಖ ನನ್ನ ಹತ್ತಿರ ಸುಳಿಯುವುದಿಲ್ಲ. ಕೈ ತಣ್ಣಗಾಗುತ್ತದೆ, ಅಷ್ಟೇ.

ದಾಸವಾಳದ ಹುಡುಗಿಯನ್ನೇ ಕೇಳಿದೆ, ಅಮ್ಮನನ್ನು ಒಳಗೆ ಕರೆಯೋಣವಾ ಅಂತ. ಮೂರು ಸಲ ಬೇಡ ಅಂದಳು, ನಾಲ್ಕನೇ ಸಲ ತಾನೇ ಬಾಗಿಲು ತೆರೆದಳು. ಇಬ್ಬರಿಗೂ ಒಂದೇ ಮುದ್ದೆ ಮಣ್ಣು ಕೊಟ್ಟೆ, ಒಟ್ಟಿಗೆ ಏನಾದರೂ ಮಾಡಿ ಅಂತ. ತಾಯಿಗೆ ಸೀರೆಯ ಚಿಂತೆ. ಮಗಳು, “ಅಮ್ಮ, ಫೋನ್ ಹೊರಗಡೆ” ಅಂದಳು. ತಾಯಿ ಇಟ್ಟುಬಂದಳು. ಏನು ಮಾಡಿದರು, ಏನು ಮಾತಾಡಿದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಹದಿಹರೆಯದವರ ಜೊತೆ ಕತೆಯೇ ಬೇರೆ. ಅವರಿಗೆ ಗೊಂಬೆ ತೋರಿಸಿದರೆ ಅವಮಾನ. ದ್ವಿತೀಯ ಪಿಯುಸಿಯ ಹುಡುಗನೊಬ್ಬನಿಗೆ ಕೋಚಿಂಗಿನ ಪ್ರತಿ ಪರೀಕ್ಷೆಯ ದಿನ ಹೊಟ್ಟೆನೋವು, ಸ್ಕ್ಯಾನಿಂಗಿನಲ್ಲಿ ಏನೂ ಇಲ್ಲ. ಹೊರಗೆ ಹೋಗಬೇಕಾದ ಸಿಟ್ಟನ್ನು ತನ್ನ ಮೈಮೇಲೇ ತಿರುಗಿಸಿಕೊಂಡಿದ್ದಾನೆ ಅಂತ ಗೆಸ್ಟಾಲ್ಟ್ ಕಣ್ಣಿಗೆ ಕಾಣುತ್ತದೆ. ನಿನ್ನ ಹೊಟ್ಟೆಗೊಂದು ಬಾಯಿ ಕೊಟ್ಟರೆ ಏನು ಹೇಳಬಹುದು ಅಂತ ಕೇಳಿದೆ. “ಊಟ ಹಾಕಿ ಅನ್ನತ್ತೆ” ಅಂದ. ನಕ್ಕೆವು. ಖಾಲಿ ಕುರ್ಚಿ ಅಂದರೆ, “ಇದೆಲ್ಲ ಬೇಡ ಮೇಡಂ.” ಮಣ್ಣು ಮಾತ್ರ ಕೈಗೆತ್ತಿಕೊಂಡ. ವಾರ ವಾರವೂ ಬಂದು, ಮಣ್ಣನ್ನು ಹಲಗೆಗೆ ಅಪ್ಪಳಿಸುತ್ತಾ, ಮತ್ತೆ ಎತ್ತಿ ಮತ್ತೆ ಅಪ್ಪಳಿಸುತ್ತಾ, ಕ್ರಿಕೆಟ್ ಬಗ್ಗೆ, ಯಾವುದೋ ಮೊಬೈಲ್ ಆಟದ ಬಗ್ಗೆ ಹೇಳುತ್ತಿದ್ದ. ಆ ಸದ್ದಿಗೆ ಪಕ್ಕದ ದಂತವೈದ್ಯರು ಒಮ್ಮೆ ಇಣುಕಿ ಹೋದರು. ಅವನು ತನ್ನ ವಿಷಯ ಒಂದನ್ನೂ ಹೇಳಲಿಲ್ಲ. ನನಗೆ ಬೇಸರ ಬರುತ್ತಿತ್ತು. ಅವನಿದ್ದಾಗ ಗಡಿಯಾರ ನೋಡುತ್ತಿದ್ದೆ, ದಾಸವಾಳದ ಹುಡುಗಿ ಇದ್ದಾಗ ಒಂದು ದಿನವೂ ನೋಡಿದವಳಲ್ಲ.

ಒಂದು ದಿನ ಅವನ ಬದಲು ಅಪ್ಪ ಬಂದರು. “ಏನ್ ಮೇಡಂ, ಎದುರು ಮಾತಾಡೋಕೆ ಶುರು ಮಾಡಿದಾನೆ. ಮೊನ್ನೆ ಊಟದ ಹೊತ್ತಲ್ಲಿ ತಟ್ಟೆ ಸರಿಸಿ, ನನಗೆ ಡಾಕ್ಟ್ರಾಗೋದು ಬೇಡ, ಹೇಳಿದ್ರೆ ನೀವು ಕೇಳಲ್ಲ, ಅದಕ್ಕೇ ನಂಗೆ ಹೊಟ್ಟೆ ನೋಯ್ತಿತ್ತು ಅಂದ. ನೀವೇನಾದ್ರೂ ಹೇಳ್ಕೊಟ್ರಾ?” ಇಲ್ಲ, ನನಗೆ ಈ ವಿಷಯವೇ ಗೊತ್ತಿರಲಿಲ್ಲ ಅಂದೆ. ಅದು ನಿಜ. ಅವರು ನಂಬಿದ ಹಾಗೆ ಕಾಣಲಿಲ್ಲ. “ಹೊಟ್ಟೆನೋವು ಹೇಗಿದೆ?” ಅಂದರೆ, “ಅದೇನೋ ಈಗ ಹೇಳ್ತಿಲ್ಲ” ಅಂದರು, ಅದರ ಮಾತು ಇಲ್ಲಿ ಯಾಕೆ ಅನ್ನುವ ಹಾಗೆ.

ಯಾರಿಗೆ ಹೇಳಬೇಕಿತ್ತೋ ಅವರಿಗೇ ಹೇಳಿದ್ದ. ಪುಸ್ತಕದ ಪ್ರಕಾರ ಇದಕ್ಕಿಂತ ಒಳ್ಳೆಯದು ಆಗಲು ಸಾಧ್ಯವಿಲ್ಲ. ನನಗೆ ಆದದ್ದು ಮುನಿಸು. ಅಷ್ಟು ವಾರ ಕೂತಿದ್ದೆನಲ್ಲ, ನನಗೊಂದು ಮಾತು ಹೇಳಬಾರದಿತ್ತೇ ಅಂತ. ಅಪ್ಪ ಮುಂದೆ ಕಳಿಸುವುದಿಲ್ಲ ಅಂದರು, ಬಾಕಿ ಇದ್ದ ಫೀಸನ್ನು ಫೋನಿನಿಂದ ಅಲ್ಲೇ ಕಳಿಸಿದರು. ಆ ಸಮಯವನ್ನು ಕಾಯುತ್ತಿರುವ ಬೇರೆ ಮಗುವಿಗೆ ಕೊಡಬಹುದಲ್ಲ ಅಂತ ಕೇಳಿದೆ. “ಕೊಡಿ, ಕೊಡಿ” ಅಂದರು. ಡೈರಿಯಲ್ಲಿ ಹುಡುಗನ ಹೆಸರನ್ನು ಹೊಡೆದುಹಾಕುವಾಗ ಪೆನ್ನನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಒತ್ತಿದೆ.