ಸಾಲದ ಕಾಗದ ಮತ್ತು ಪದವಿಯ ಬೆಲೆ

ಪ್ಲಸ್ ಟು ಫಲಿತಾಂಶ ಪ್ರಕಟವಾದೊಡನೆ ಕಾಸರಗೋಡು, ಮಂಜೇಶ್ವರ ಭಾಗದ ಕನ್ನಡ ಮನೆಗಳಲ್ಲಿ ಪದವಿಗಳಿಗೆ ಬೆಲೆ ಕಟ್ಟುವ ಕೆಲಸ ಆರಂಭವಾಗುತ್ತದೆ. ನರ್ಸಿಂಗಿಗೆ ವಿದೇಶದ ದಾರಿಯಿದೆ, ಇಂಜಿನಿಯರಿಂಗಿಗೆ ಬೆಂಗಳೂರಿದೆ, ಕನ್ನಡ ಬಿ.ಎ.ಗೆ ಏನಿದೆ ಎಂದರೆ ಹಿರಿಯರು ಸುಮ್ಮನಾಗುತ್ತಾರೆ.

ಬದಿಯಡ್ಕದ ಕಡೆಯ ಅಡಿಕೆ ಕೃಷಿಕರೊಬ್ಬರ ಮನೆಯಲ್ಲಿ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಸೇರಿದಳು. ವರ್ಷಕ್ಕೆ ಒಂದು ಲಕ್ಷದಂತೆ 4 ಲಕ್ಷ ರೂಪಾಯಿ ಸಾಲ. ಮಗ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ. ಸೇರಿದ, ಸಾಲ ಬೇಕಾಗಲಿಲ್ಲ. ಇಂಗ್ಲಿಷಿನ ಸಾಲಪತ್ರಕ್ಕೆ ತಂದೆ ಕನ್ನಡದಲ್ಲಿ ರುಜು ಹಾಕಿದರು. ಜಾಗದ ಈಡು ಕೇಳದ ಸಾಲವಾದುದರಿಂದ ತಮಗೆ ಹೊಣೆಯಿಲ್ಲವೆಂದೇ ಅವರು ಭಾವಿಸಿದ್ದರು. ಆದರೆ ಸಹಸಾಲಗಾರನಾದ ತಂದೆಯ ಹೊಣೆ ಮಗಳ ಹೊಣೆಯಷ್ಟೇ ಪೂರ್ಣವಾದುದು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ನಿಜ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. ಶೇ. 10ರ ಸರಳ ಬಡ್ಡಿಯಾದರೂ ಐದು ವರ್ಷ ಕಳೆಯುವಾಗ 1,40,000 ರೂಪಾಯಿ ಸೇರಿಕೊಂಡು ಸಾಲ 5,40,000ಕ್ಕೇರುತ್ತದೆ.

ಪರಿಹಾರವೇ ಇಲ್ಲವೆಂದಲ್ಲ. ವಾರ್ಷಿಕ ಆದಾಯ 4.5 ಲಕ್ಷ ಮೀರದ ಕುಟುಂಬಗಳಿಗೆ ಆ ಅವಧಿಯ ಬಡ್ಡಿಯನ್ನು ಭರಿಸುವ ಯೋಜನೆಯನ್ನು ಕೇಂದ್ರ ಸರಕಾರ 2009ರಲ್ಲಿ ಆರಂಭಿಸಿತು. ಅದು ವೃತ್ತಿಪರ ಹಾಗೂ ತಾಂತ್ರಿಕ ಶಿಕ್ಷಣಕ್ಕೆ ಮೀಸಲು. 2017ರಲ್ಲಿ ಕೇರಳ ಸರಕಾರ 900 ಕೋಟಿ ರೂಪಾಯಿಯ ಮರುಪಾವತಿ ನೆರವನ್ನು ಘೋಷಿಸಿತು. ಅದು ಹಿಂದೆ ಪಡೆದ ಸಾಲಗಳಿಗೆ, ಷರತ್ತುಗಳೊಡನೆ. ಆದಾಯ ಪ್ರಮಾಣಪತ್ರವನ್ನು ಸಕಾಲದಲ್ಲಿ ಒಪ್ಪಿಸದ ಈ ಮನೆಗೆ ಬಡ್ಡಿಯ ನೆರವು ದೊರೆಯಲಿಲ್ಲ. ಸಾಲದ ಪರಿಹಾರ ಮನೆಬಾಗಿಲಿಗೆ ತಾನಾಗಿ ಬರುವುದಿಲ್ಲ.

ಇಂದು ಮಗಳು ಖಾಸಗಿ ಆಸ್ಪತ್ರೆಯಲ್ಲಿ ದುಡಿಯುತ್ತಾಳೆ. ವೇತನದ ದೊಡ್ಡ ಪಾಲು ಕಂತಿಗೆ ಹೋಗುತ್ತದೆ. ಮಗ ಬಿ.ಎಡ್. ಮುಗಿಸಿ ಕನ್ನಡ ಶಾಲೆಯೊಂದರಲ್ಲಿ ದಿನವೇತನದ ಅಧ್ಯಾಪಕ, ಪಿ.ಎಸ್.ಸಿ. ನೇಮಕಾತಿಗೆ ಕಾಯುತ್ತಿದ್ದಾನೆ. ಅವನದು ಸಣ್ಣ ಸಂಬಳ, ಆದರೆ ಋಣವಿಲ್ಲ. ಇವರಲ್ಲಿ ಯಾರ ಪದವಿ ಮೇಲೆಂದು ನೆರೆಯವರು ಕೇಳಿದಾಗ ತಂದೆ ಉತ್ತರಿಸುವುದಿಲ್ಲ. ರೋಗಿಗೆ ಮಗಳು ಬೇಕು. ಗಡಿನಾಡಿನ ಮಕ್ಕಳಿಗೆ ಅಕ್ಷರ ಕಲಿಸಲು ಮಗ ಬೇಕು. ಬ್ಯಾಂಕಿನ ಲೆಕ್ಕ ಎರಡನೆಯದನ್ನು ಕಾಣುವುದಿಲ್ಲವೆಂದ ಮಾತ್ರಕ್ಕೆ ಅದರ ಬೆಲೆ ಇಳಿಯದು.

ಮಕ್ಕಳ ಒಲವು ನೋಡಿ ಪದವಿಯನ್ನು ಆರಿಸಲಿ. ಸಾಲಪತ್ರವನ್ನು ಮಾತ್ರ ಬಲ್ಲವರಿಂದ ಕನ್ನಡದಲ್ಲಿ ಓದಿಸಿ, ಕೊನೆಗೆ ಕಟ್ಟಬೇಕಾದ ಮೊತ್ತವನ್ನು ಕೇಳಿ ಬರೆದುಕೊಂಡ ಬಳಿಕವೇ ಹೆತ್ತವರು ರುಜು ಹಾಕಲಿ.