ವೈಟ್‌ಫೀಲ್ಡಿನಲ್ಲಿ ಮನೆ

ಮಗನಿಗೆ ವೈಟ್‌ಫೀಲ್ಡಿನಲ್ಲಿ ಕೆಲಸವಾಯಿತು. 2023ರಲ್ಲಿ ಮೆಟ್ರೋ ರೈಲೇ ಅಲ್ಲಿಗೆ ಹೋದಮೇಲೆ ನಾವೇಕೆ ಹೋಗಬಾರದೆಂದು ಬಾಡಿಗೆ ಮನೆ ನೋಡಲು ಹೊರಟೆವು.

ದಲ್ಲಾಳಿ ಹದಿನಾಲ್ಕನೆಯ ಮಹಡಿಯ ಕಿಟಕಿ ತೆರೆದು, "ಎಂಥ ಗಾಳಿ ನೋಡಿ ಸಾರ್!" ಎಂದ. ಗಾಳಿಯೇನೋ ಇತ್ತು. ಮುಂಗಡ ಮಾತ್ರ ಹತ್ತು ತಿಂಗಳದು. ಮೊತ್ತ ಕೇಳಿ ನನ್ನಾಕೆ, "ಇದು ಕ್ರಯವೋ, ಬಾಡಿಗೆಯೋ?" ಎಂದಳು.

ಕೆಳಗೆ ಮರಗಳ ನಡುವೆ ಒಂದು ಹಳೆಯ ಹೆಂಚಿನ ಮನೆ ಕಂಡಿತು. ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿ ಬಾಳಲೆಂದು 1882ರಲ್ಲಿ ಚಾಮರಾಜೇಂದ್ರ ಒಡೆಯರು ಸುಮಾರು 3,900 ಎಕರೆ ಕೊಟ್ಟು ನೆಲೆಯಾದ ಊರಿದು. ಹೆಸರು ಅವರ ಮುಖಂಡ ವೈಟ್ ಎಂಬವರದು. 1947ರ ಈಚೆಗೆ ಅವರಲ್ಲಿ ಎಷ್ಟೋ ಮಂದಿ ಇಂಗ್ಲೆಂಡು, ಆಸ್ಟ್ರೇಲಿಯಗಳಿಗೆ ಹೊರಟುಹೋದರು. 1990ರ ದಶಕದಲ್ಲಿ ಕಂಪ್ಯೂಟರ್ ಕಚೇರಿಗಳು ಬಂದವು. ಸುತ್ತಲಿನ ಹೊಲಗಳಿಗೆ ಚದರಡಿಯ ಲೆಕ್ಕ ಬಂತು.

ಲಿಫ್ಟಿನಲ್ಲಿ ತೆಲುಗು, ಹಿಂದಿ, ಬಂಗಾಳಿ. ಕಾವಲುಗಾರ ಒಡಿಶಾದವನು. ಕನ್ನಡ ಕಿವಿಗೆ ಬಿದ್ದದ್ದು ಗೇಟಿನಾಚೆ, ಸೊಪ್ಪು ಮಾರುವ ಮುದುಕಿಯಿಂದ.

"ಇದು ಎದ್ದಿರೋದು ನಮ್ ರಾಗಿ ಹೊಲದಾಗೇ ಕಣಪ್ಪಾ."

"ಮಾರಿದ ದುಡ್ಡು?"

"ಮೂವರು ಗಂಡುಮಕ್ಳು, ಸೋಮಿ" ಎಂದು ಸೊಪ್ಪಿಗೆ ನೀರು ಚಿಮುಕಿಸಿದಳು.

ಎರಡು ಕಟ್ಟು ದಂಟು ಕೊಂಡೆ. ಅಷ್ಟರಲ್ಲಿ ಮಗ ಮುಂಗಡ ಕೊಟ್ಟುಬಂದಿದ್ದ.