ಗೌರವಧನದ ಸಂಸಾರ

ನಮ್ಮ ಮನೆಯಲ್ಲಿ ಯಾರಾದರೂ ಬಾಯಿತಪ್ಪಿ 'ಸಂಬಳ' ಅಂದರೆ ನಮ್ಮ ಯಜಮಾನರು ತಕ್ಷಣ ತಿದ್ದುತ್ತಾರೆ. "ಸಂಬಳ ಅಲ್ಲ, ಗೌರವಧನ ಅನ್ನು" ಅಂತ. ಕನ್ನಡ ಮೇಷ್ಟ್ರಲ್ಲವೇ, ಪದ ತಪ್ಪಿದರೆ ಸಹಿಸರು. ಅವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕರು. 2006ರಿಂದಲೂ ಅತಿಥಿಯೇ. ನಮ್ಮೂರ ಕಡೆ ಅತಿಥಿ ಅಂದರೆ ಮೂರು ದಿನ. ನಾಲ್ಕನೆಯ ದಿನ ಅವನು ಮನೆಯವನೇ ಆಗಿ ಹಿತ್ತಲಲ್ಲಿ ಸೌದೆ ಒಡೆಯುತ್ತಾನೆ, ಇಲ್ಲವೇ ಬಸ್ಸು ಹತ್ತುತ್ತಾನೆ. ಇವರು ಎರಡೂ ಆಗಲಿಲ್ಲ.

ಓದುವ ಸೋದರಿಯರಲ್ಲಿ ಎಷ್ಟೋ ಜನರ ಮಕ್ಕಳು ತಾಲ್ಲೂಕಿನ ಸರ್ಕಾರಿ ಕಾಲೇಜಿಗೇ ಹೋಗುತ್ತಿರಬಹುದು. ಪಾಠ ಹೇಳುವವರಲ್ಲಿ ಕಾಯಂ ಎಷ್ಟು ಜನ, ಅತಿಥಿಗಳೆಷ್ಟು ಜನ ಅಂತ ಒಮ್ಮೆ ಕೇಳಿ ನೋಡಿ. ರಾಜ್ಯದಲ್ಲಿ ಇಂಥ ಕಾಲೇಜುಗಳು ನಾಲ್ಕುನೂರಕ್ಕೂ ಹೆಚ್ಚು. ಈ ಕಥೆ ನಡೆದ ವರ್ಷಗಳಲ್ಲಿ ಅಲ್ಲಿನ ಅತಿಥಿಗಳು ಹತ್ತು ಸಾವಿರಕ್ಕೂ ಮೇಲೆ. ಮನೆಯವರಿಗಿಂತ ಅತಿಥಿಗಳು ಹೆಚ್ಚಿದ್ದರೆ ಮದುವೆ ಮನೆಗೆ ಕಳೆ, ಕಾಲೇಜಿಗೆ ಹಾಗನ್ನಬಹುದೇ, ಕಾಣೆ.

ದುಡ್ಡಿನ ಮಾತು ಮೊದಲು ಹೇಳಿಬಿಡುತ್ತೇನೆ. 2022ಕ್ಕೆ ಮುಂಚೆ ಯುಜಿಸಿ ಹೇಳಿದ ಅರ್ಹತೆ ಇದ್ದವರಿಗೆ ತಿಂಗಳಿಗೆ 13 ಸಾವಿರ, ಇಲ್ಲದವರಿಗೆ 11 ಸಾವಿರ. ಇವರದು 13. ಅದೇ ಕಾಲೇಜಿನಲ್ಲಿ ಅದೇ ಪಾಠ ಹೇಳುವ ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲವೇತನ ಶುರುವಾಗುವುದೇ 57,700 ರೂಪಾಯಿಯಿಂದ. ಅದು ದೊಡ್ಡವರ ಮಾತು, ಬಿಡಿ. 2018ರಲ್ಲಿ ವೇತನ ಪರಿಷ್ಕರಣೆ ಆದಾಗ ಸರ್ಕಾರಿ ನೌಕರಿಯ ಕಟ್ಟಕಡೆಯ ಮೆಟ್ಟಿಲಿನ ಮೂಲವೇತನವೇ 17 ಸಾವಿರ ಆಯಿತು. ಅಂದರೆ ಕಾಲೇಜಿನಲ್ಲಿ ಗಂಟೆ ಬಾರಿಸುವವರಿಗೆ 17, ಗಂಟೆಗಟ್ಟಲೆ ಪಾಠ ಹೇಳುವವರಿಗೆ 13. ಗಂಟೆ ಬಾರಿಸುವವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಅವರಿಗೂ ಮನೆ ಮಕ್ಕಳು ಇದ್ದಾರೆ. ಆದರೆ 2019ರ ಜನವರಿಯಲ್ಲಿ ಯುಜಿಸಿಯವರು ಅತಿಥಿಗಳಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50 ಸಾವಿರ ಕೊಡಬಹುದು ಅಂತ ಹೇಳಿದ್ದರು. ಆ ಪೇಪರಿನ ತುಂಡನ್ನು ಇವರು ಬಹಳ ದಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರು. ಕೊನೆಗೆ ಅಂಗಿಯ ಜೊತೆ ಅದೂ ಒಗೆದು ಹೋಯಿತು.

ತಿಂಗಳಿಗೆ ಇಷ್ಟು ಅಂದೆನಲ್ಲ, ಅದು ಲೆಕ್ಕಕ್ಕೆ ಮಾತ್ರ. ಕೈಗೆ ಬರುತ್ತಿದ್ದುದು ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ. ಬೇಸಿಗೆ ರಜೆಗೆ ಇಲ್ಲವೇ ಇಲ್ಲ. ಆದರೆ ಮನೆ ಬಾಡಿಗೆಗೆ ಬೇಸಿಗೆ ರಜೆ ಅಂತ ಇದೆಯೇ? ಹಾಲಿನವನು ಏಪ್ರಿಲ್ ಮೇ ತಿಂಗಳಲ್ಲಿ ಬಿಟ್ಟಿ ಹಾಲು ಹಾಕುತ್ತಾನೆಯೇ?

ನಾವಿರುವುದು ಮೈಸೂರಿನಲ್ಲಿ, ನಂಜುಮಳಿಗೆ ಕಡೆ. ಅವರ ಕಾಲೇಜು ಇರುವುದು ದೂರದ ತಾಲ್ಲೂಕಿನಲ್ಲಿ. "ಅಲ್ಲೇ ಸಣ್ಣ ಊರಲ್ಲಿ ಮನೆ ಮಾಡಿಕೊಂಡರೆ ಬಾಡಿಗೆ ಅರ್ಧ ಆಗುತ್ತಲ್ಲ" ಅಂತ ನಮ್ಮಮ್ಮ ಎಷ್ಟು ಸಲ ಹೇಳಿದ್ದಾರೋ. ಸಂಗತಿ ಏನೆಂದರೆ, ಅತಿಥಿಗಳು ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಕೌನ್ಸೆಲಿಂಗ್ ಆಗಬೇಕು, ಜಾಗ ಎಲ್ಲಿ ಸಿಕ್ಕರೆ ಅಲ್ಲಿಗೆ ಹೋಗಬೇಕು. ಇಷ್ಟು ವರ್ಷದಲ್ಲಿ ಇವರು ನಾಲ್ಕು ಕಾಲೇಜು ನೋಡಿದರು. ಪ್ರತಿ ಸಲ ಗಂಟುಮೂಟೆ ಕಟ್ಟಿದರೆ ಮಗಳ ಓದು ಏನಾಗಬೇಕು? ಅದಕ್ಕೇ ನಾಲ್ಕು ದಿಕ್ಕಿಗೂ ಬಸ್ಸು ಸಿಗುವ ಪೇಟೆಯಲ್ಲಿ ಇರುವುದು. ಬೆಳಿಗ್ಗೆ ಆರೂಕಾಲಕ್ಕೆ ಡಬ್ಬಿ ಕಟ್ಟಿ ಕೊಡುತ್ತೇನೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದಾಗ ಇವರು ನಕ್ಕರು. "ಮನೆಯಲ್ಲಿರುವವಳಿಗೆ ಬಿಟ್ಟಿ, ದುಡಿಯೋಕೆ ಹೋಗುವವನಿಗೆ ಟಿಕೇಟು." ನಾನೂ ಬಿಡಲಿಲ್ಲ. "ಹಾಗಾದರೆ ನಾಳೆಯಿಂದ ನಾನು ಪಾಠಕ್ಕೆ ಹೋಗ್ತೀನಿ, ನೀವು ಸಾರು ಮಾಡಿ" ಅಂದೆ.

ಪೇಟೆಯಲ್ಲಿ ಇನ್ನೊಂದು ಕಷ್ಟ ಇದೆ. 'ಸರ್ಕಾರಿ ಕಾಲೇಜಿನ ಲೆಕ್ಚರರ್' ಅನ್ನುವ ಹೆಸರು ಬಹಳ ದುಬಾರಿ. ಮನೆ ಕೊಡುವವರು ಆ ಮಾತು ಕೇಳಿ ಖುಷಿಪಟ್ಟು ಬಾಡಿಗೆ ಐನೂರು ಏರಿಸುತ್ತಾರೆ. ಸಾಲಕ್ಕೆ ಹೋದರೆ ಸಂಬಳದ ಚೀಟಿ ಎಲ್ಲಿ ಅನ್ನುತ್ತಾರೆ. ನೆಂಟರ ಮದುವೆಯಲ್ಲಿ ಮುಯ್ಯಿ ಓದುವಾಗ 'ಲೆಕ್ಚರರ್ ಮನೆಯವರು' ಅಂತ ಜೋರಾಗಿ ಕೂಗಿದರೆ, ನಾನು ಲಕೋಟೆಯೊಳಗಿನ ನೋಟು ನೆನೆದು ತಲೆ ತಗ್ಗಿಸುತ್ತಿದ್ದೆ.

2021ರ ಡಿಸೆಂಬರ್‌ನಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ ತರಗತಿ ಬಿಟ್ಟು ಮುಷ್ಕರಕ್ಕೆ ಕೂತರು. ಮರು ತಿಂಗಳು, ಸಂಕ್ರಾಂತಿ ಹೊತ್ತಿಗೆ ಸರಿಯಾಗಿ, ಸರ್ಕಾರ ಗೌರವಧನ ಏರಿಸಿತು. ಅರ್ಹತೆ ಇದ್ದು ಐದು ವರ್ಷಕ್ಕಿಂತ ಹೆಚ್ಚು ಸೇವೆ ಮಾಡಿದವರಿಗೆ 32 ಸಾವಿರ. ಅಲ್ಲಿಂದ ಇಳಿಯುತ್ತಾ 30, 28, 26 ಸಾವಿರ. ಇವರು ಮನೆಗೆ ಬಂದು "ಮೂವತ್ತೆರಡು" ಅಂದರು. ಅಷ್ಟೇ. ಮುಖದಲ್ಲಿ ನಗು ಇರಲಿಲ್ಲ. ಆಯಾಸ ಇರಬೇಕು ಅಂತ ನಾನು ಸಜ್ಜಿಗೆ ಮಾಡಿ ಬಡಿಸಿದೆ. ತಿಂದರು, ಹೊರಗೆ ಹೋಗಿ ಕೂತರು.

ಅವರ ವಿಭಾಗದಲ್ಲೇ ಇನ್ನೊಬ್ಬ ಅತಿಥಿ ಉಪನ್ಯಾಸಕಿ ಇದ್ದಳು. ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಮನೆ, ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಅನ್ನುವವಳು. ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಬರುತ್ತಿದ್ದರು. ಎಳ್ಳು ಬೀರುವುದಕ್ಕೆ ರಥಸಪ್ತಮಿಯವರೆಗೂ ಅವಕಾಶ ಇದೆಯಲ್ಲ, ಹಬ್ಬ ಕಳೆದ ಎರಡು ದಿನಕ್ಕೆ ಅವಳ ಮನೆಗೆ ಹೋದೆ. ಕೊರೋನಾ ಕಾಲ, ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಎಳ್ಳುಬೆಲ್ಲ ಕೊಟ್ಟೆ. "ಇನ್ನು ಮೇಲೆ ನಮ್ಮಿಬ್ಬರ ಮನೆಗೂ ಒಳ್ಳೇ ದಿನ ಬಂತಲ್ಲ" ಅಂದೆ.

ಅವಳು ಎಳ್ಳಿನ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಬೆರಳು ಮಡಿಸಿ ಲೆಕ್ಕ ಹೇಳಿದಳು. "ಅಕ್ಕಾ, ನಮ್ಮ ವಿಭಾಗದಲ್ಲಿ ಅತಿಥಿಗಳಿಗೆ ಅಂತ ಇರೋದು ವಾರಕ್ಕೆ ಹದಿನಾರು ಗಂಟೆ. ಸರ್‌ಗೆ ಎಂಟು, ನನಗೆ ಎಂಟು. ಈಗ ದುಡ್ಡು ಹೆಚ್ಚು ಮಾಡಿದ್ದಾರೆ, ಜೊತೆಗೆ ಒಬ್ಬೊಬ್ಬರಿಗೆ ಹದಿನೈದು ಗಂಟೆ ಅಂತಲೂ ಮಾಡಿದ್ದಾರೆ. ಸೀನಿಯಾರಿಟಿ ಸರ್‌ದು. ನನಗೆ ಉಳಿಯೋದು ಒಂದು ಗಂಟೆ." ಅಷ್ಟು ಹೇಳಿ ನಕ್ಕಳು. "ಒಂದು ಗಂಟೆಗೆ ಬಸ್ ಚಾರ್ಜೂ ಹುಟ್ಟಲ್ಲ ಅಕ್ಕಾ."

ಮನೆಗೆ ಬಂದು ಗಂಡನ ಮುಖ ನೋಡಿದೆ. ಸಜ್ಜಿಗೆ ಯಾಕೆ ಗಂಟಲಲ್ಲಿ ಇಳಿಯಲಿಲ್ಲ ಅಂತ ಆಗ ಗೊತ್ತಾಯಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಮನೆ ಲೆಕ್ಕದ ಪುಸ್ತಕ ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ. ಆ ರಾತ್ರಿ ಅದರ ಹಿಂಬದಿಯ ಹಾಳೆಯಲ್ಲಿ ಈ ಲೆಕ್ಕವನ್ನೂ ಬರೆದೆ. ಮೊದಲು ಇಬ್ಬರಿಗೂ 13 ಸಾವಿರ, ಒಟ್ಟು 26. ಈಗ ಒಬ್ಬರಿಗೆ 32. ನಮ್ಮ ಮನೆಗೆ ಹೆಚ್ಚಾಗಿ ಬರುವುದು 19 ಸಾವಿರ. ಅದರಲ್ಲಿ ಬೊಕ್ಕಸದಿಂದ ಹೊಸದಾಗಿ ಬಂದದ್ದು 6 ಸಾವಿರ. ಮಿಕ್ಕ 13 ಎರಡು ಕ್ರಾಸ್ ಆಚೆಯ ಮನೆಯದು. ಇದೇ ಲೆಕ್ಕ ರಾಜ್ಯದಲ್ಲಿ ಇನ್ನೂ ಎಷ್ಟು ಮನೆಗಳ ನಡುವೆ ನಡೆಯಿತೋ. ಆ ವರ್ಷ ಹೀಗೆ ಕೆಲಸ ಕಳೆದುಕೊಂಡವರು ಸಾವಿರಗಟ್ಟಲೆ. ಇಬ್ಬರ ತಟ್ಟೆಯ ಅನ್ನವನ್ನು ಒಂದೇ ತಟ್ಟೆಗೆ ಸುರಿದು, ಮೇಲೆ ಒಂದು ಸೌಟು ಸಾರು ಹಾಕಿ, ನೋಡಿ ಹೊಟ್ಟೆತುಂಬ ಬಡಿಸಿದ್ದೇವೆ ಅಂದ ಹಾಗಾಯಿತು. ಹದಿನೈದು ಗಂಟೆ ದುಡಿದವರಿಗೆ 32 ಸಾವಿರ ಹೆಚ್ಚೇನಲ್ಲ, ನ್ಯಾಯವಾಗಿ ಇನ್ನೂ ಬರಬೇಕು. ನಾನು ಹೇಳುವುದು ಅದು ಬಂದ ದಾರಿಯ ಮಾತು.

"ನಾನು ಬಿಟ್ಟು ಅವರಿಗೆ ಕೊಡಲಾ?" ಅಂತ ಇವರು ಒಂದು ರಾತ್ರಿ ಕೇಳಿದರು. ನಾನು ತಕ್ಷಣ ಉತ್ತರ ಕೊಡಲಿಲ್ಲ. ಆಗ ಮಗಳು ಪಿಯುಸಿ. ಕೋಆಪರೇಟಿವ್ ಸೊಸೈಟಿಯಲ್ಲಿ ನನ್ನ ಬಳೆ ಅಡವಿತ್ತು. "ನೀವು ಬಿಟ್ಟರೆ ಆ ಜಾಗ ಅವಳಿಗೇ ಸಿಗುತ್ತೆ ಅಂತ ಬರೆದು ಕೊಡ್ತಾರಾ?" ಅಂದೆ. ಕೊಡುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಕೌನ್ಸೆಲಿಂಗಿಗೆ ಬರುವವರು ರಾಜ್ಯದ ಎಲ್ಲ ಕಡೆಯಿಂದ ಬರುತ್ತಾರೆ. ಮಾತು ಅಲ್ಲಿಗೆ ನಿಂತಿತು.

ಅವಳು ಈಗ ಖಾಸಗಿ ಶಾಲೆಯೊಂದರಲ್ಲಿ ಎಂಟನೇ ಒಂಬತ್ತನೇ ತರಗತಿಗೆ ಪಾಠ ಹೇಳುತ್ತಾಳೆ, ಸಂಜೆ ಟ್ಯೂಷನ್ ಮಾಡುತ್ತಾಳೆ. ಅರಿಶಿನ ಕುಂಕುಮಕ್ಕೆ ಕರೆದರೆ ತಪ್ಪದೆ ಬರುತ್ತಾಳೆ. ಇವರು ಮನೆಯಲ್ಲಿದ್ದರೆ ಮಾತ್ರ ಒಳಗೆ ಕೂರುವುದಿಲ್ಲ, ಬಾಗಿಲಲ್ಲೇ ತಾಂಬೂಲ ತೆಗೆದುಕೊಂಡು ಹೊರಟುಬಿಡುತ್ತಾಳೆ. ಜಗಳವಲ್ಲ. ಜಗಳವಾಗಿದ್ದರೆ ರಾಜಿಯಾದರೂ ಮಾಡಿಸಬಹುದಿತ್ತು.

2023ರ ನವೆಂಬರ್‌ನಲ್ಲಿ ಮತ್ತೆ ಮುಷ್ಕರ. ಈ ಸಲ ಕೇಳಿದ್ದು ದುಡ್ಡಿಗಿಂತ ಹೆಚ್ಚಾಗಿ ಕಾಯಮಾತಿ. ಇವರು ಬೆಂಗಳೂರಿಗೆ ಹೊರಟಾಗ ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿ ಕಳಿಸಿದೆ. ಪಾಠ ಇಲ್ಲ, ಆದ್ದರಿಂದ ಗೌರವಧನವೂ ಇಲ್ಲ. ನಮ್ಮ ಬೀದಿಯವರೊಬ್ಬರ ಮಗ ಡಿಗ್ರಿ ಓದುತ್ತಿದ್ದ. "ಪರೀಕ್ಷೆ ಹತ್ತಿರ ಬಂತು, ಮೇಷ್ಟ್ರುಗಳು ಬೀದಿಯಲ್ಲಿ ಕೂತಿದ್ದಾರೆ" ಅಂತ ಆಕೆ ನನಗೆ ಕೇಳಲಿ ಎಂದೇ ಹೇಳಿದರು. ಅವರ ಮಾತಿನಲ್ಲೂ ನ್ಯಾಯವಿದೆ. ಮಕ್ಕಳ ಪಾಠ ನಿಂತದ್ದು ನಿಜ. ಆದರೆ ಅಷ್ಟೂ ಪಾಠ ಅತಿಥಿಗಳನ್ನೇ ನಂಬಿ ನಿಂತಿದೆ ಅನ್ನುವುದು ಅವರು ಬೀದಿಗೆ ಬಂದಾಗಲೇ ತಾನೇ ಊರಿಗೆ ಗೊತ್ತಾದದ್ದು?

ಡಿಸೆಂಬರ್ ಕೊನೆಗೆ ಸರ್ಕಾರದ ತೀರ್ಮಾನ ಬಂತು. ಸೇವೆಯ ವರ್ಷ ನೋಡಿ 5ರಿಂದ 8 ಸಾವಿರದವರೆಗೆ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, ಅರವತ್ತು ತುಂಬಿದವರಿಗೆ 5 ಲಕ್ಷದ ಇಡಿಗಂಟು. ಕಾಯಮಾತಿ ಇಲ್ಲ. ಹದಿನೈದು ವರ್ಷ ದಾಟಿದ್ದರಿಂದ ಇವರದು 40 ಸಾವಿರವಾಯಿತು. ಇಷ್ಟು ವರ್ಷದ ಮೇಲೆ ಮೊದಲ ಸಲ ಮನೆಗೆ ಒಂದು ಮಿಕ್ಸಿ ಹೊಸದಾಗಿ ಬಂತು, ಬಳೆ ಸೊಸೈಟಿಯಿಂದ ಬಿಡಿಸಿಕೊಂಡೆವು.

ಕೈಗೆ ಬರುವುದು ಹೆಚ್ಚಾಯಿತು ಅಂತ ನನ್ನ ಹಳೇ ಅಭ್ಯಾಸಗಳನ್ನು ಬಿಟ್ಟಿಲ್ಲ. ದುಡ್ಡು ಕಡಿಮೆ ಇದ್ದರೆ ಸಂಸಾರ ಹೇಗೋ ನಡೆಯುತ್ತದೆ, ಅದು ಬರುವ ತಾರೀಕು ಗೊತ್ತಿಲ್ಲದಿದ್ದರೆ ತಲೆ ಕೆಡುತ್ತದೆ. ಅಂಥ ಮನೆಯವರು ನಿಮ್ಮಲ್ಲೂ ಇರಬಹುದು. ಮಳೆ ನಂಬಿದವರು, ಕಂಟ್ರಾಕ್ಟ್ ಕೆಲಸದವರು, ಸಣ್ಣ ಅಂಗಡಿಯವರು. ನಾನು ಮಾಡುವುದು ಇಷ್ಟು. ದುಡ್ಡು ಬಂದ ದಿನವೇ ಮೂರು ತಿಂಗಳ ಬಾಡಿಗೆ ಎಣಿಸಿ ಬೇರೆ ಡಬ್ಬಿಗೆ ಹಾಕಿ, ಡಬ್ಬಿಯನ್ನು ಅಕ್ಕಿಯಲ್ಲಿ ಹುದುಗಿಸಿಬಿಡುತ್ತೇನೆ. ರಾಗಿ ಸುಗ್ಗಿ ಮುಗಿದ ಮೇಲೆ ತವರಿನಿಂದ ವರ್ಷದ್ದು ತರುತ್ತೇನೆ, ಹುಣಸೆಹಣ್ಣು ಮಾರ್ಚ್ ತಿಂಗಳಲ್ಲಿ ಕೊಂಡು ಬೀಜ ತೆಗೆದು ಉಪ್ಪು ಬೆರೆಸಿ ಜಾಡಿಗೆ ತುಂಬುತ್ತೇನೆ. ತರಕಾರಿಗೆ ದೇವರಾಜ ಮಾರುಕಟ್ಟೆಗೆ ಸಂಜೆ ಏಳರ ಮೇಲೆ ಹೋಗುವುದು. 2023ರ ಜುಲೈನಲ್ಲಿ ಟೊಮ್ಯಾಟೊ ಕಿಲೋ ನೂರು ದಾಟಿದಾಗ ನಮ್ಮ ಮನೆಯಲ್ಲಿ ಎರಡು ತಿಂಗಳು ಹುಣಸೆಹಣ್ಣಿನ ಸಾರೇ, ಯಾರಿಗೂ ಏನೂ ಆಗಲಿಲ್ಲ. ಬೇಸಿಗೆ ರಜೆಯಲ್ಲಿ ಹುರುಳಿ. ಬೇಯಿಸಿದ ಕಟ್ಟು ಒಂದು ಹೊತ್ತು ಬಸ್ಸಾರು, ಕಾಳು ಪಲ್ಯ, ಮಿಕ್ಕ ಕಟ್ಟು ಮರುದಿನ ಕುದಿಸಿದಷ್ಟೂ ರುಚಿ. ಹಾಲು ಮಾತ್ರ ಕೈ ಮೀರಿದ್ದು. 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿತು. ಹಾಲಿಗೆ ಹಾಕುವ ನೀರಿಗೂ ಒಂದು ಮಿತಿ ಇದೆಯಲ್ಲ.

ಇನ್ನೊಂದು ಗುಟ್ಟು ಇದೆ. ಗೃಹಲಕ್ಷ್ಮಿಯ ತಿಂಗಳ 2 ಸಾವಿರ ಶುರುವಾದದ್ದು 2023ರ ಆಗಸ್ಟ್ 30ರಂದು, ನಮ್ಮ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲೇ. ನನ್ನ ಹೆಸರಿಗೆ ಬಂದ ಆ ದುಡ್ಡನ್ನು ಮನೆ ಖರ್ಚಿಗೆ ಮುಟ್ಟದೆ ಅಂಚೆ ಕಚೇರಿಯಲ್ಲಿ ಆರ್.ಡಿ. ಕಟ್ಟುತ್ತಾ ಬಂದಿದ್ದೇನೆ. ಯಜಮಾನರಿಗೆ ಗೊತ್ತಿಲ್ಲ. ಈ ಪತ್ರಿಕೆ ಅವರ ಕೈಗೆ ಸಿಕ್ಕರೆ ಗೊತ್ತಾಗುತ್ತದೆ.

ಮಗಳು ಬಿ.ಎ. ಮುಗಿಸಿದ್ದಾಳೆ. ಈಗ ಮಾನಸಗಂಗೋತ್ರಿಯಲ್ಲಿ ಎಂ.ಎ. ಕನ್ನಡ ಮಾಡುತ್ತಾಳಂತೆ. ಅಪ್ಪನ ಹಾಗೆ ಪಾಠ ಹೇಳಬೇಕಂತೆ. ಇವರು "ಬಿ.ಎಡ್. ಮಾಡು, ಬ್ಯಾಂಕ್ ಪರೀಕ್ಷೆ ಬರಿ, ಏನಾದರೂ ಮಾಡು" ಅಂದರು. "ಮತ್ತೆ ನೀವು ಯಾಕೆ ಬಿಡಲಿಲ್ಲ ಅಪ್ಪಾ?" ಅಂತ ಅವಳು ಕೇಳಿದಳು. ಪದ ತಪ್ಪಿದರೆ ತಿದ್ದುವವರು ಅವತ್ತು ಸುಮ್ಮನೆ ಕನ್ನಡಕ ಒರೆಸಿಕೊಂಡರು.

ಹೋದ ಭಾನುವಾರ ಎರಡು ಕ್ರಾಸ್ ಆಚೆಯವಳು ಬಂದಳು. ಇವರು ಮನೆಯಲ್ಲೇ ಇದ್ದರು. ಆದರೂ ಒಳಗೆ ಬಂದು ಕೂತಳು. ಕೈಯಲ್ಲಿ ಎರಡು ಬಟ್ಟೆ ಚೀಲ, ತುಂಬ ಪುಸ್ತಕ, ತಾನು ಎಂ.ಎ. ಓದುವಾಗ ಬರೆದ ನೋಟ್ಸು. ಮಗಳೇ ಹೋಗಿ ಕೇಳಿದ್ದಳಂತೆ, ನಮಗೆ ಹೇಳಿರಲಿಲ್ಲ. "ನನಗೆ ಇನ್ನು ಬೇಕಾಗಲ್ಲ ಸಾರ್, ಇವಳಾದರೂ ಓದಲಿ" ಅಂದಳು. ಇವರು ಒಂದು ನೋಟ್ಸ್ ಪುಸ್ತಕ ತೆಗೆದು ಹಾಳೆ ತಿರುವುತ್ತಾ ಕೂತರು. "ಅಕ್ಷರ ಎಷ್ಟು ದುಂಡಾಗಿದೆ ಮೇಡಂ" ಅಂದರು. ಎಷ್ಟೋ ಹೊತ್ತಿನ ಮೇಲೆ ಅಷ್ಟು ಒಂದು ಮಾತು. ನಾನು ಕಾಫಿ ತಂದೆ. ಮೂವರೂ ಕುಡಿದೆವು.

ಅರ್ಜಿ ಹಾಕಲು ಇನ್ನು ಹನ್ನೊಂದು ದಿನ ಇದೆ. ಪಾಸ್‌ಬುಕ್ ಅಕ್ಕಿ ಡಬ್ಬಿಯಲ್ಲಿದೆ, ನಾಳೆ ತೆಗೆಯುತ್ತೇನೆ.